ಪಲ್ಲಕ್ಕಿ ಏರಲು ಹೊರಟ ಬಸಣ್ಣ

ಚಿತ್ರ ಬರೆಯುವವರಿಗೆ ಸಿಟ್ಟು ಬರಬಾರದು ಎಂದು ಯಾರಾದರೂ ಹೇಳಿದರೆ, ಅವರು ಒಮ್ಮೆಯೂ ಬೇರೆಯವರ ಗೋಡೆಯ ಮೇಲೆ ಚಿತ್ರ ಬರೆದವರಲ್ಲ ಎಂದು ತಿಳಿಯಿರಿ. ನಾನು ಹೊಸಪೇಟೆಯವಳು. ಕಲಾಶಾಲೆ ಮುಗಿಸಿದ ಹೊಸತರಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದೆ. ಒಂದು ದಿನ ಹಂಪಿಯ ಗುಡಿಯಲ್ಲಿ ಕತ್ತೆತ್ತಿ ಛಾವಣಿಯ ಹಳೆಯ ಚಿತ್ರಗಳನ್ನು ನೋಡಿದವಳು, ಕತ್ತು ಇಳಿಸುವಷ್ಟರಲ್ಲಿ ಇನ್ನು ಬರೆದರೆ ಹೀಗೆಯೇ ಎಂದು ತೀರ್ಮಾನಿಸಿಬಿಟ್ಟೆ. ಅಂದಿನಿಂದ ಡಬ್ಬಿಯ ಬಣ್ಣ ಬಿಟ್ಟೆ. ಸಂಡೂರಿನ ಕೆಂಪು ಮಣ್ಣನ್ನು ನೆನೆಸಿ, ಸೋಸಿ, ಬೇವಿನ ಅಂಟು ಸೇರಿಸಿ ಅರೆಯುತ್ತೇನೆ. ಕಪ್ಪಿಗೆ ದೀಪದ ಮಸಿ, ಬಿಳಿಗೆ ಸುಣ್ಣ. ನಮ್ಮ ಮನೆಯಲ್ಲಿ ಚಟ್ನಿ ಸ್ವಲ್ಪ ಕೆಂಪಗಿದ್ದರೂ ಗಂಡ ಮೊದಲು ಮೂಸಿ ನೋಡುತ್ತಾರೆ.

ಇಷ್ಟೆಲ್ಲ ಅರೆದು, ಕಡ್ಡಿರಾಂಪುರದ ಒಂದು ಹೋಮ್‌ಸ್ಟೇ ಗೋಡೆಗೆ ಮದುವೆಯ ಮೆರವಣಿಗೆ ಬರೆದೆ. ಆ ಶೈಲಿಯಲ್ಲಿ ಮುಖಗಳೆಲ್ಲ ಪಕ್ಕಕ್ಕೆ ತಿರುಗಿರುತ್ತವೆ. ಮೂಗು ಚೂಪು, ಕಣ್ಣು ಮೀನಿನ ಹಾಗೆ ಉದ್ದ. ಮಾಲೀಕ ಬಸಣ್ಣ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಮೇಡಂ, ಎಲ್ಲಾರೂ ಆಕಡಿ ಮಾರಿ ತಿರುವ್ಯಾರಲ್ರೀ? ನಮ್ ಗೆಸ್ಟ್ ಮ್ಯಾಲೆ ಸಿಟ್ಟೇನು? ಈಕಡಿ ನೋಡಿ ನಗೋಹಂಗ ಮಾಡ್ರಿ.”

“ಇದು ವಿಜಯನಗರದ ಕಾಲದ ಪದ್ಧತಿ ರೀ!” ಎಂದೆ.

“ಈಗ ಕಾಲ ಬದಲಾಗೇತಿ ಬಿಡ್ರಿ. ಹಂಗ, ಆ ಪಲ್ಲಕ್ಕ್ಯಾಗ ಮದಿಮಗನ ಜಾಗಕ್ಕ ನನ್ನ ಕುಂದ್ರಿಸ್ರಿ. ಕೂಲಿಂಗ್ ಗ್ಲಾಸ್ ಬ್ಯಾಡ, ಮೀಸಿ ಸಾಕು.”

ಮೈಯೆಲ್ಲ ಉರಿಯಿತು. “ಇದೇನ್ ನಿಮ್ಮನಿ ಆಲ್ಬಮ್ಮೇನ್ರೀ? ಒಂದು ಮಾರಿ ಬದಲಾದ್ರೂ ಪೂರಾ ಗ್ವಾಡಿಗೆ ಸುಣ್ಣ ಬಳದು ಹೋಗ್ತೀನಿ!” ಎಂದು ಸುಣ್ಣದ ಬಕೆಟ್ಟನ್ನು ಎತ್ತಿಯೇಬಿಟ್ಟೆ. ಎತ್ತಿದ ಮೇಲೆ ಯೋಚನೆ ಹತ್ತಿತು. ಅಷ್ಟು ದಿನದ ಕೆಲಸ. ಈ ಮನುಷ್ಯ ‘ಬಳೀರಿ’ ಎಂದುಬಿಟ್ಟರೆ?

ಕಟ್ಟೆಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ಬಸಣ್ಣನ ತಾಯಿ ಎದ್ದು ಬಂದರು. ಮಗನತ್ತ ತಿರುಗಿ, “ಮೆರವಣಿಗ್ಯಾಗ ಹೋಗೋರು ದಾರಿ ನೋಡ್ಲಾರದ ನಿನ್ ಗೆಸ್ಟ್‌ನ ನೋಡ್ಕೊಂತ ಹೊಂಟ್ರ ಎಡವಿ ಬೀಳ್ತಾರಲೇ! ಮತ್ತ ಪಲ್ಲಕ್ಕ್ಯಾಗಿನ ಆ ಮದಿಮಗಳ ಬಾಜೂಕ ನೀ ಕುಂತ್ರ ನಿನ್ ಹೆಣ್ತಿ ಸುಮ್ನಿರ್ತಾಳೇನು?” ಎಂದರು.

ಬಸಣ್ಣ ತಣ್ಣಗಾದರು. ಗೆದ್ದ ಹುರುಪಿನಲ್ಲಿ ನಾನು ಬಕೆಟ್ ಕೆಳಗಿಟ್ಟು, ಪರಂಪರೆಯ ಚಿತ್ರಗಳಲ್ಲಿ ತಮ್ಮನ್ನು ತುರುಕಿಕೊಳ್ಳುವವರ ಅಹಂಕಾರದ ಬಗ್ಗೆ ಒಂದು ಉದ್ದನೆಯ ಭಾಷಣ ಬಿಗಿದೆ. ತಾಯಿ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಗೋಡೆಗೆ ಮುಖ ತಾಗುವಷ್ಟು ಹತ್ತಿರ ಹೋಗಿ, ಪಲ್ಲಕ್ಕಿಯ ಮುಂದೆ ಆರತಿ ಹಿಡಿದು ನಡೆಯುತ್ತಿದ್ದ ಹೆಂಗಸಿನ ಮೇಲೆ ಬೆರಳಿಟ್ಟರು.

“ಈಕಿ ನೀನ ಅಲ್ಲೇನವಾ? ಗದ್ದದ ಮ್ಯಾಲಿನ ಮಚ್ಚಿ ಸೈತ ಐತಿ!”

“ಆ ಕಾಲದಾಗೂ ಮಂದಿಗೆ ಮಚ್ಚಿ ಇರ್ತಿದ್ವು ಬಿಡವಾ,” ಎಂದು ಸೆರಗಿನಿಂದ ಗದ್ದ ಒರೆಸಿಕೊಂಡೆ.