ಗಂಗಿಯನ್ನು ಮಾರಿ ಕೊಳ್ಳಬೇಕಿದ್ದ ಲೆನ್ಸು

ಗಂಡ ಕುಡಿಯುತ್ತಾನೆ ಎಂದು ಅಳುವವರು, ಇಸ್ಪೀಟು ಆಡುತ್ತಾನೆ ಎಂದು ಅಳುವವರು ನಮ್ಮ ಉಗಾರ ಬುದ್ರುಕದಲ್ಲಿ ಇದ್ದಾರೆ. ಅವರ ದುಃಖ ಕೇಳುವುದಕ್ಕೆ ನಾಲ್ಕು ಜನ ಸಿಗುತ್ತಾರೆ. ನನ್ನ ಗಂಡ ಹಕ್ಕಿ ನೋಡುತ್ತಾರೆ. ಇದನ್ನು ಯಾರ ಮುಂದೆ ಹೇಳಿಕೊಂಡು ಅಳಲಿ?

ನಮ್ಮವರು ಶಿರಗುಪ್ಪಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಜನಗಣತಿ ನಡೆದ ವರ್ಷ, ಅಂದರೆ ತೊಂಬತ್ತೊಂದರಲ್ಲಿ, ಯಾರಿಂದಲೋ ಒಂದು ಹಳೆಯ ಕ್ಯಾಮೆರಾ ತಂದರು. ಕೃಷ್ಣೆಯ ದಂಡೆಯ ಹಕ್ಕಿಗಳ ಫೋಟೋ ತೆಗೆದು ವಾರಪತ್ರಿಕೆಯ ಸ್ಪರ್ಧೆಗೆ ಕಳಿಸುವ ಮಹಾಸಂಕಲ್ಪ. ಮೊದಲ ರೀಲು ತೊಳೆದು ಬಂತು. ಮೂವತ್ತಾರು ಫೋಟೋ. ಎಲ್ಲದರಲ್ಲೂ ದೊಡ್ಡ ನದಿ, ದೊಡ್ಡ ಆಕಾಶ, ನಡುವೆ ಒಂದು ಚುಕ್ಕೆ.

"ಇದು ಮಿಂಚುಳ್ಳಿ," ಎಂದರು.

"ಇದು?"

"ಕೊಕ್ಕರೆ."

"ಮತ್ತ ಇದು?"

ಬಹಳ ಹೊತ್ತು ನೋಡಿ, ಉಗುರಿನಿಂದ ಮೆಲ್ಲಗೆ ಕೆರೆದರು. ಚುಕ್ಕೆ ಎದ್ದು ಹೋಯಿತು. (ನೊಣ ಮಾಡಿ ಹೋದದ್ದು.)

"ತಪ್ಪು ನಂದಲ್ಲ, ಲೆನ್ಸಿಂದು," ಎಂದರು.

ಅಲ್ಲಿಂದ ಮೂರು ತಿಂಗಳು ನಮ್ಮ ಮನೆಯಲ್ಲಿ ಲೆನ್ಸ್ ಪುರಾಣ. ನಾನು ಶಾಲೆಗೆ ಹೋದದ್ದು ನಾಲ್ಕನೇ ಇಯತ್ತೆಯವರೆಗೆ. ಉಳಿದದ್ದೆಲ್ಲ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಓದಿ ಕಲಿತದ್ದು. ಆದರೆ ಕೇಳುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಅದರ ಗುಟ್ಟು ನಿಮಗೆ ಮಾತ್ರ ಹೇಳುತ್ತೇನೆ: ಅವರು ಮಾತಾಡುವಾಗ ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಜಪ ಮಾಡುತ್ತಿರುತ್ತೇನೆ. ಆ ಮೂರು ತಿಂಗಳಲ್ಲಿ ನನ್ನ ಜಪ ಲಕ್ಷ ದಾಟಿತು.

ಜಪದ ನಡುವೆಯೂ ಕಿವಿಗೆ ಬಿದ್ದದ್ದು ಇಷ್ಟು. ಕಾಗವಾಡದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ದಾದಾಸಾಹೇಬರ ಹತ್ತಿರ ಎರಡು ಹಳೆಯ ಲೆನ್ಸುಗಳಿವೆ. ಒಂದು ನೂರಾ ಮೂವತ್ತೈದು ಮಿಲಿಮೀಟರಿನದು. ಗಿಡ್ಡ, ಅಗ್ಗ, ಹಕ್ಕಿಯನ್ನು ಒಂದಿಷ್ಟು ಹತ್ತಿರ ತರುತ್ತದೆ. ಇನ್ನೊಂದು ಐನೂರು ಮಿಲಿಮೀಟರಿನದು. ಉದ್ದ, ಭಾರ, ಆಚೆ ದಂಡೆಯ ಹಕ್ಕಿಯ ಕಣ್ಣನ್ನೂ ತೋರಿಸುತ್ತದೆ. ಅದರ ಬೆಲೆಗೆ ಸಾಟಿಯಾಗುವ ವಸ್ತು ನಮ್ಮ ಮನೆಯಲ್ಲಿ ಒಂದೇ ಇತ್ತು. ಅದು ಹಿತ್ತಲಲ್ಲಿ ನಿಂತು ಮೆಲುಕು ಹಾಕುತ್ತಿತ್ತು.

"ಗಂಗಿನ್ನ ಮಾರಿಬಿಡೂಣು," ಎಂದರು ಒಂದು ದಿನ ಊಟ ಮಾಡುತ್ತ, ಗಂಗಿಯದೇ ಮೊಸರು ಕಲಸಿಕೊಳ್ಳುತ್ತ.

ನನ್ನ ಜಪ ನಿಂತುಹೋಯಿತು. "ಎಮ್ಮಿ ಮಾರಿದ್ರ ದೇವರಿಗೆ ಹಾಲ ಎಲ್ಲಿಂದ ತರ್ಲಿ? ನಿಮ್ಮ ಲೆನ್ಸ್ ಹಿಂಡ್ಲ್ಯಾ?"

"ಡೇರಿ ಹಾಲ ತರೂಣು."

"ಅದರಾಗ ದೇವರಿಗೆ ತಮ್ಮ ಮುಖ ಕಾಣ್ತೈತಿ, ಅಷ್ಟ ತೆಳ್ಳಗ ಇರ್ತೈತಿ."

"ಛೋಟಾ ಲೆನ್ಸ್ ತಂದ್ರ ಮತ್ತ ನೊಣಾನಽ ಬರ್ತಾವ ನೋಡು."

"ಬರ್ಲಿ. ನೊಣಕ್ಕ ಮೇವು ಹಾಕೂದು ಬ್ಯಾಡ."

ಅವರು ಕಾಗವಾಡಕ್ಕೆ ಹೋದರು. ದಾದಾಸಾಹೇಬರು ಧಾರಾಳಿ. "ಗುರೂಜಿ, ಎರಡೂ ಎಂಟ ದಿನ ಒಯ್ದ ನೋಡ್ರಿ. ಯಾವುದು ಪಸಂತ ಬರ್ತೈತಿ ಅದನ್ನ ಇಟ್ಕೊರಿ, ಇನ್ನೊಂದ ಪರತ ಕೊಡ್ರಿ," ಎಂದು ಕೊಟ್ಟು ಕಳಿಸಿದರಂತೆ. ಉದ್ದನೆಯದನ್ನು ಇವರು ಮಗುವಿನ ಹಾಗೆ ಎದೆಗೆ ಅವಚಿಕೊಂಡು ಬಂದಾಗಲೇ ಗಂಗಿಯ ಹಣೆಬರಹ ನನಗೆ ತಿಳಿದುಹೋಯಿತು. ಆ ಸಂಜೆ ದೇವರ ಮುಂದೆ ಎರಡು ಎಣ್ಣೆ ದೀಪ ಹೆಚ್ಚಿಗೆ ಹಚ್ಚಿದೆ.

ಮರುದಿನ ಬೆಳಕು ಹರಿಯುತ್ತಲೇ ಇವರು ಮೂರು ಕಾಲಿನ ಸ್ಟ್ಯಾಂಡು ಹೆಗಲಿಗೇರಿಸಿ ಹೊಳೆಗೆ ಹೊರಟರು. ಅಂಗಳ ಸಾರಿಸುತ್ತಿದ್ದ ಪಕ್ಕದ ಮನೆಯ ಗಿರಿಜವ್ವ ಕಂಡಳು.

"ಏನಬೇ, ಮಾಸ್ತರ ಅದೇನ ಹೊತ್ಕೊಂಡ ಹೊಂಟಾರ?"

ಹಕ್ಕಿ ನೋಡಲು ಎಂದರೆ ಹೊತ್ತು ಮುಳುಗುವವರೆಗೆ ನಗುತ್ತಾಳೆ. ಹುಟ್ಟಿದಾಗಿನಿಂದ ಸುಳ್ಳು ಹೇಳದ ನನ್ನ ನಾಲಿಗೆ ಅಂದು ಹೊರಳಿತು. "ಏನೋ ಸರಕಾರಿ ಕೆಲಸ ಅಂತವ್ವಾ. ಅಳತಿ ಇರಬೇಕು."

ಜನಗಣತಿಗೂ ಮಾಸ್ತರರೇ, ಚುನಾವಣೆಗೂ ಮಾಸ್ತರರೇ. ಅಳತೆಗೂ ಅವರನ್ನೇ ಕಳಿಸಿದ್ದಾರೆ ಎಂದರೆ ಯಾರು ನಂಬುವುದಿಲ್ಲ? ಗಿರಿಜವ್ವ ಸಗಣಿ ಬುಟ್ಟಿ ಅಲ್ಲೇ ಬಿಟ್ಟು ಓಣಿಗೆ ಇಳಿದಳು.

ನಾನು ರೊಟ್ಟಿ ಬಡಿದು, ಪೂಜೆ ಮುಗಿಸಿ, ಗಂಗಿಯನ್ನು ಮೈತೊಳೆಯಲು ಹೊಳೆಗೆ ಹೊಡೆದುಕೊಂಡು ಹೋದೆ. ದಂಡೆಯಲ್ಲಿ ಮೂವತ್ತು ಜನ. ಕೆಲವರ ಕೈಯಲ್ಲಿ ಹೊಲದ ಉತಾರದ ಕಾಗದ. ನಾನು ಹೇಳಿದ ಅಳತೆ ಓಣಿ ದಾಟುವಷ್ಟರಲ್ಲಿ ಕೆನಾಲಿನ ಅಳತೆಯಾಗಿತ್ತು. ನಡುವೆ ನಮ್ಮವರು. ಲೆನ್ಸಿನ ಬಾಯಿಗೆ ಅಡ್ಡವಾಗಿ ಸಲಿಕೆ ಊರಿಕೊಂಡು, ದಂಡೆಗೆ ಹೊಂದಿ ಹೊಲವಿರುವ ಮಲಕಾರಿ ಕುಳಿತಿದ್ದಾನೆ.

"ಕೆನಾಲ್ ನನ್ನ ಕಬ್ಬಿನಾಗ ಹಾಯ್ತೈತೋ, ಭೀಮಸಿ ಕಬ್ಬಿನಾಗೋ? ಖರೆ ಹೇಳ್ರಿ ಮಾಸ್ತರ, ಅಲ್ಲೀತನಕ ನಾ ಏಳೂದಿಲ್ಲ."

"ಯಾವ ಕೆನಾಲೋ ಮಾರಾಯಾ! ನಾ ಹಕ್ಕಿ ನೋಡಾಕತ್ತೀನಿ!"

"ಇಷ್ಟ ಉದ್ದ ಕೊಳವಿ ಹಚ್ಚಿ ಹಕ್ಕಿ ನೋಡ್ತಾರೇನ್ರಿ? ಅಳತಿ ಅಂತ ನಿಮ್ಮ ಮನ್ಯಾಗಽ ಹೇಳ್ಯಾರ!"

ಮೂವತ್ತೊಂದು ಮುಖಗಳು ನನ್ನ ಕಡೆ ತಿರುಗಿದವು. ಆ ಮೂವತ್ತೊಂದನೆಯದನ್ನು ನೋಡುವ ಧೈರ್ಯ ನನಗಾಗಲಿಲ್ಲ. ಗಂಗಿಯ ಹಗ್ಗ ಬಿಟ್ಟು, ಎರಡೂ ಕೈ ಜೋಡಿಸಿದೆ. "ತಪ್ಪಾತ್ರೆಪ್ಪಾ. ಅಳತಿ ಅಂದದ್ದು ಸುಳ್ಳು. ಇವರು ಖರೇನಽ ಹಕ್ಕಿ ನೋಡ್ತಾರ."

ಮಲಕಾರಿ ನಂಬಲಿಲ್ಲ. ಎದ್ದು ಬಂದು ಕ್ಯಾಮೆರಾಕ್ಕೆ ಕಣ್ಣು ಹಚ್ಚಿದ. ಆಚೆ ದಂಡೆಯ ಬೆಳ್ಳಕ್ಕಿಯೊಂದು ಅವನ ಕಣ್ಣಿಗೇ ಬಂದಿರಬೇಕು. ಬೆಚ್ಚಿ ಹಿಂದೆ ಸರಿದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಕಬ್ಬು ಉಳಿದ ಸಮಾಧಾನಕ್ಕೆ ಎಲ್ಲರೂ ನಕ್ಕರು.

"ಬೆಳ್ಳಕ್ಕಿ ಸಲುವಾಗಿ ಹೊಳಿ ಆಚೀಕ ಯಾಕ ನೋಡ್ತೀರಿ ಮಾಸ್ತರ? ನಾ ಕಬ್ಬಿಗಿ ನೀರ ಬಿಟ್ರ ಹುಳಾ ತಿನ್ನಾಕ ನನ್ನ ಕಾಲಾಗಽ ಬರ್ತಾವ. ಹಿಂದ ತಿರುಗಿ ನೋಡ್ರಿ!"

ತಿರುಗಿದೆವು. ನಾನು ಹಗ್ಗ ಬಿಟ್ಟ ಗಂಗಿ, ಆಗಷ್ಟೇ ನೀರು ಬಿಟ್ಟಿದ್ದ ಮಲಕಾರಿಯ ಎಳೆಗಬ್ಬಿಗೆ ಇಳಿದಿತ್ತು. ಅದರ ಕಾಲುಗಳ ಸುತ್ತ ಏಳೆಂಟು ಬೆಳ್ಳಕ್ಕಿ. ಬೆನ್ನ ಮೇಲೊಂದು, ಮದುಮಗನ ಹಾಗೆ. ಹತ್ತು ಹೆಜ್ಜೆ ದೂರವೂ ಇಲ್ಲ.

ನಮ್ಮವರು ಉದ್ದನೆಯ ಲೆನ್ಸನ್ನು ಆ ಕಡೆ ತಿರುಗಿಸಿ ಒದ್ದಾಡಿದರು. ಅಷ್ಟು ಹತ್ತಿರದ್ದು ಅದಕ್ಕೆ ಕಾಣುವುದೇ ಇಲ್ಲವಂತೆ. ಗಡಿಬಿಡಿಯಿಂದ ಅದನ್ನು ಬಿಚ್ಚಿ ಗಿಡ್ಡನೆಯದನ್ನು ಹಾಕಿದರು. ಅಷ್ಟರಲ್ಲಿ ಗಂಗಿ ಕಬ್ಬಿನ ಸುಳಿಗೆ ಬಾಯಿ ಹಾಕಿತು, ಮಲಕಾರಿ ಕೂಗಿದ, ನಾನು ಸೀರೆ ಎತ್ತಿಕಟ್ಟಿ ಹಗ್ಗ ಹಿಡಿಯಲು ಓಡಿದೆ. ಮೂರನೆಯ ಹೆಜ್ಜೆಗೆ ಭೂದೇವಿ ನನ್ನನ್ನು ಸೊಂಟದವರೆಗೆ ಅಪ್ಪಿಕೊಂಡಳು. ಬೆಳ್ಳಕ್ಕಿ ಹಾರಲಿಲ್ಲ. ಕ್ಯಾಮೆರಾ ಮಾತ್ರ ಕಿಟಕ್ಕೆಂದಿತು.

ಉದ್ದನೆಯ ಲೆನ್ಸು ಅದೇ ದಿನ ಕಾಗವಾಡಕ್ಕೆ ಪರತ ಹೋಯಿತು. ಗಿಡ್ಡನೆಯದು ಗಂಗಿಯ ಒಂದು ತಿಂಗಳ ಹಾಲಿನ ದುಡ್ಡಿನಲ್ಲಿ ನಮ್ಮದಾಯಿತು. "ಹಕ್ಕಿ ಕರ್ಕೊಂಡ ಬರೂ ಎಮ್ಮಿನ್ನ ಯಾವ ಹುಚ್ಚ ಮಾರ್ತಾನ?" ಎಂದು ಆ ಹುಚ್ಚರೇ ಅದಕ್ಕೆ ಹಿಂಡಿ ಕಲಸಿ ಇಟ್ಟರು. ನಾನು ದೇವರ ಮುಂದೆ ಕುಳಿತು, ಬಹಳ ದಿನಗಳ ಮೇಲೆ, ಏನನ್ನೂ ಬೇಡದೆ ಕಣ್ಣು ಮುಚ್ಚಿದೆ.

ಎರಡು ತಿಂಗಳಿಗೆ ಪತ್ರಿಕೆಯಿಂದ ಕಾಗದ ಬಂತು. ಬಹುಮಾನವಿಲ್ಲ. "ಪಕ್ಷಿ ಸ್ವಲ್ಪ ಮಸುಕಾಗಿದೆ. ಕೆಸರಿನಲ್ಲಿರುವ ಮಹಿಳೆಯ ಮುಖಭಾವ ಮಾತ್ರ ಅತ್ಯಂತ ಸ್ಪಷ್ಟವಾಗಿ ಮೂಡಿಬಂದಿದೆ," ಎಂದು ಬರೆದಿದ್ದರು. ರೀಲು ತೊಳೆದುಕೊಟ್ಟ ದಾದಾಸಾಹೇಬರಿಗೆ ಆ ಫೋಟೋ ಬಹಳ ಮೆಚ್ಚಿಗೆಯಾಗಿ, ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಸ್ಟುಡಿಯೋದ ಬಾಗಿಲಲ್ಲೇ ತೂಗುಹಾಕಿದ್ದಾರೆಂದು ನನಗೆ ತಿಳಿದದ್ದು, ಗಿರಿಜವ್ವ ಕಾಗವಾಡದ ಸಂತೆಗೆ ಹೋಗಿ ಬಂದ ದಿನ.

ಚೀಲ ಇಳಿಸುವ ಮೊದಲೇ ನಮ್ಮ ಕಟ್ಟೆಗೆ ಬಂದು ಕುಳಿತಳು. ಸೆರಗಿನಿಂದ ಬೆವರು ಒರೆಸಿಕೊಂಡಳು.

"ನಿನ್ನ ಫೋಟೋ ನೋಡಿ ಬಂದ್ನಬೇ. ಸೊಂಟದತನಕ ಕೆಸರಾಗಿದ್ದಿ," ಎಂದಳು. "ಅದೂ ಸರಕಾರಿ ಅಳತೀನಽ ಏನು?"