ಸದ್ದಿಲ್ಲದ ಗಾಡಿ

ನನ್ನ ಗಾಡಿ ಬಂದರೆ ನಂಜನಗೂಡಿಗೆಲ್ಲ ತಿಳಿಯುತ್ತಿತ್ತು. ತಿಳಿಯಬಾರದವಳಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಅದೇ ನನ್ನ ಸಂಕಟ.

ಆಗ ಮಹಾರಾಜರ ಕಾಲ; ನಾನು ಶಾಲೆಯ ಮೇಷ್ಟ್ರು. ಪ್ರತಿ ಭಾನುವಾರ ನರಸೀಪುರದ ಕಡೆಯ ಹೊಲ ನೋಡಿಕೊಂಡು ಒಂಟೆತ್ತಿನ ಗಾಡಿಯಲ್ಲಿ ಮರಳುವಾಗ, ಚಕ್ರದ ಕಬ್ಬಿಣದ ಪಟ್ಟಿ ಬೀದಿಯುದ್ದಕ್ಕೂ ಗಡಗಡ ಎನ್ನುತ್ತಿತ್ತು. ಮನೆ ಹೊಕ್ಕರೆ ಯಾರೋ ಮೆದ್ದ ಎಲೆಯಡಿಕೆಯ ಕಂಪು; ಜನ ಮಾತ್ರ ಇಲ್ಲ. ನನ್ನ ಹೆಂಡತಿ ಪುಟ್ಟಲಕ್ಷ್ಮಿ ಒಬ್ಬಳೇ ಅಕ್ಕಿ ಆರಿಸುತ್ತಿದ್ದಳು. (ವಾರವಾರವೂ ಅದೇ ಅಕ್ಕಿಯೆಂದು ನನ್ನ ಗುಮಾನಿ.) ಕೇಳಿದರೆ, "ನಮ್ಮನೇಗೆ ಯಾರ್ ಬತ್ತಾರೆ, ನಿಮ್ಮನ್ನ ಬಿಟ್ರೆ?" ಎನ್ನುತ್ತಿದ್ದಳು.

ಪತ್ತೆ ಹಚ್ಚಲೇಬೇಕೆಂದು ಮೈಸೂರಿಗೆ ಹೋಗಿ ರಬ್ಬರು ಟೈರು ಕೇಳಿದೆ. ಗಟ್ಟಿ ರಬ್ಬರು ಬಹುಕಾಲ ಬಾಳುತ್ತದೆ, ಮೈ ಕುಲುಕುತ್ತದೆ. ಮೆದುವಾದದ್ದು ಸುಖ, ಬೇಗ ಸವೆಯುತ್ತದೆ. ಗೀರುಳ್ಳದ್ದು ಕೆಸರನ್ನು ಕಚ್ಚಿ ಹಿಡಿಯುತ್ತದೆ, ಗುಂಯ್‌ಗುಡುತ್ತದೆ. ನುಣುಪಾದದ್ದು ಮೌನ, ಆದರೆ ಜಾರುತ್ತದೆ ಎಂದು ಅಂಗಡಿಯವನು ವಿವರಿಸಿದ. ಎಲ್ಲ ಗುಣವೂ ಇರುವ ಟೈರು ಇಲ್ಲವೇ ಎಂದೆ. "ಎಲ್ಲಾ ಗುಣ ಇರೋ ಹೆಂಡ್ತಿ ಅವ್ಳಾ ಸ್ವಾಮಿ?" ಎಂದ. ಮೆದುವೂ ನುಣುಪೂ ಆದದ್ದನ್ನೇ ಹಾಕಿಸಿದೆ.

"ನನ್ ಸೊಂಟನೋವು ನೋಡಿ ಹಾಕ್ಸುದ್ರಾ? ದೇವ್ರಂತೋರು ಕಣ್ರೀ ನೀವು" ಎಂದಳು ಪುಟ್ಟಲಕ್ಷ್ಮಿ. ನಾನೂ ದೇವರಂತೆಯೇ ಮಾತಾಡದೆ ನಿಂತೆ.

ಮುಂದಿನ ಭಾನುವಾರ ಎತ್ತಿನ ಗೆಜ್ಜೆಯನ್ನೂ ಬಿಚ್ಚಿ, ಮಳೆ ನಿಂತ ಮೇಲೆ ಹಿತ್ತಲಿಗೆ ಬಂದೆ. ಒಳಗಿನಿಂದ ನನ್ನದೇ ಧ್ವನಿ! ಗಾಡಿಯ ಮೇಲಿಂದಲೇ ಕಿಟಕಿಯಲ್ಲಿ ಇಣುಕಿದರೆ, ನನ್ನ ಕುರ್ಚಿಯಲ್ಲಿ, ನನ್ನ ಪೇಟ ಸುತ್ತಿ, ನನ್ನ ಬೆತ್ತ ಹಿಡಿದು ಪುಟ್ಟಲಕ್ಷ್ಮಿ: "ಸಾರಿಗೆ ಉಪ್ಪು ಕಡಿಮೆಯಾಗಿರುವುದನ್ನು ಅತ್ಯಂತ ಖೇದದಿಂದ ನಿವೇದಿಸುತ್ತೇನೆ." ನೆರೆಮನೆಯ ರಾಚಮ್ಮ, ಸಾಕಮ್ಮ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಇನ್ನೂ ಏನೇನು ಹೇಳುವಳೋ ಕೇಳಬೇಕೆಂದು ಗಾಡಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಬಿಟ್ಟೆ. ಒದ್ದೆ ಇಳಿಜಾರಿನಲ್ಲಿ ನುಣುಪು ಟೈರು ಜಾರಿತು. ಎತ್ತು ಜಾಣ, ಅಂಚಿನಲ್ಲೇ ಕಾಲೂರಿ ನಿಂತಿತು. ಗಾಡಿ ವಾಲಿ ನನ್ನನ್ನು ತಿಪ್ಪೆಗುಂಡಿಗೆ ಒಪ್ಪಿಸಿತು. ಆಗಲೂ ಟೈರು ಸದ್ದು ಮಾಡಲಿಲ್ಲ, ಮಾಡಿದವನು ನಾನು.

ಮೂವರೂ ಓಡಿಬಂದರು. "ಮೇಷ್ಟ್ರು ಕಣಕ್ಕ" ಎಂದು ರಾಚಮ್ಮ ಬಾಯಿಗೆ ಸೆರಗಿಟ್ಟಳು. ಪುಟ್ಟಲಕ್ಷ್ಮಿ ಪೇಟವನ್ನೂ ತೆಗೆಯದೆ, ಬೆತ್ತ ನೆಲಕ್ಕೆ ಕುಟ್ಟಿ, ನನ್ನದೇ ಧ್ವನಿಯಲ್ಲಿ ಕೇಳಿದಳು: "ತಡವಾಗಿ ಬಂದದ್ದಲ್ಲದೆ, ಹಿತ್ತಲಿನಿಂದ ಬೇರೆ ಬಂದೆಯಾ? ಎದ್ದು ನಿಲ್ಲು."

ಎದ್ದು ನಿಂತೆ.

ಮರುವಾರವೇ ಮತ್ತೆ ಕಬ್ಬಿಣದ ಪಟ್ಟಿ ಹಾಕಿಸಿದೆ. ಆದರೆ ಈಗ ಆ ಸದ್ದಿಗೆ ಯಾರೂ ಎದ್ದು ಓಡುತ್ತಿರಲಿಲ್ಲ. ತುಸು ಸರಿದು, ಕೊನೆಯ ಸಾಲಿನಲ್ಲಿ ನನಗೂ ಜಾಗ ಬಿಡುತ್ತಿದ್ದರು.