ಬೊರಾವದ ನಿಷ್ಠಾವಂತ ಅತಿಥಿಗಳು

ಬೊರಾವ ಪಟ್ಟಣದಲ್ಲಿ ವರ್ಷಕ್ಕೆ ಎರಡೇ ಋತುಗಳು: ಅತಿಥಿಗಳ ಋತು ಮತ್ತು ಬಾಡಿಗೆದಾರರ ಋತು. ಎರಡೂ ಒಂದೇ ಮನೆಗಳಲ್ಲಿ ನಡೆಯುವುದರಿಂದ, ಜೂನ್ ಹದಿನೈದರ ಬೆಳಿಗ್ಗೆ ಬಾಡಿಗೆದಾರರು ಹೊರಗೆ ಹೋಗುತ್ತಾರೆ, ಹಾಸಿಗೆಯ ಹೊದಿಕೆ ಬದಲಾಗುತ್ತದೆ, ಸಂಜೆಯೊಳಗೆ ಅತಿಥಿಗಳು ಒಳಗೆ ಬರುತ್ತಾರೆ. ಸೆಪ್ಟೆಂಬರ್ ಮುಗಿದಾಗ ಇದರ ತಿರುಗುಮುರುಗು. ನಡುವಿನ ತಿಂಗಳುಗಳಲ್ಲಿ ಬಾಡಿಗೆದಾರರು ಎಲ್ಲಿರುತ್ತಾರೆ ಎಂಬ ಪ್ರಶ್ನೆ ಯಾವ ಇಲಾಖೆಯ ವ್ಯಾಪ್ತಿಗೂ ಬರುವುದಿಲ್ಲ. ಕೆಲವರು ಅತ್ತೆಮನೆಯಲ್ಲಿರುತ್ತಾರೆ, ಕೆಲವರು ದೋಣಿಯಲ್ಲಿ. ಆಡ್ರಿಯಾಟಿಕ್ ಕರಾವಳಿಯಲ್ಲಿ ಇದನ್ನು ಯಾರೂ ವಿಚಿತ್ರವೆಂದುಕೊಂಡಿಲ್ಲ. ಸಮುದ್ರಕ್ಕೂ ಉಬ್ಬರ ಇಳಿತ ಇದೆಯಲ್ಲ.

ವಿನ್ಕಾ ಮತ್ತು ಅವಳ ಗಂಡ ತೋನ್ಚಿ ಎರಡು ಬೇಸಿಗೆಗಳನ್ನು ಎದುರಿನ ದ್ವೀಪದಲ್ಲಿ ತೋನ್ಚಿಯ ತಾಯಿಯ ಮನೆಯಲ್ಲಿ ಕಳೆದಿದ್ದರು. ಈ ವರ್ಷ ಆ ತಾಯಿಯೂ ತನ್ನ ಕೋಣೆಗಳನ್ನು ಜೆಕ್ ದೇಶದವರಿಗೆ ಕೊಟ್ಟು, ತಾನು ಬಲೆ ಇಡುವ ಕೊಟ್ಟಿಗೆಯಲ್ಲಿ ಮಲಗುತ್ತಿದ್ದಳು. "ಬರ್ಬೇಡಿ ಅಂತಲ್ಲ, ಬಲೆ ಸ್ವಲ್ಪ ವಾಸನೆ" ಎಂದು ಫೋನಿನಲ್ಲಿ ಹೇಳಿದ್ದಳು.

ವಿನ್ಕಾ ಶಾಲೆಯಲ್ಲಿ ಇತಿಹಾಸ ಕಲಿಸುವವಳು. ಎರಡು ವರ್ಷದ ಮಗ ಲೋವ್ರೆಯನ್ನು ನೋಡಿಕೊಳ್ಳಲು ಪಡೆದ ರಜೆಯಲ್ಲಿದ್ದಳು; ಭತ್ಯೆ ಮಗು ಬೆಳೆದಂತೆಲ್ಲ ಸಣ್ಣದಾಗುವಂತೆ ನಿಯಮ ರೂಪಿಸಲಾಗಿತ್ತು. ತೋನ್ಚಿ ಕೆಲಸ ಮಾಡುತ್ತಿದ್ದ ದೋಣಿ ಕಾರ್ಖಾನೆ ಯಾರನ್ನೂ ಕೆಲಸದಿಂದ ತೆಗೆದಿರಲಿಲ್ಲ, ಎಲ್ಲರನ್ನೂ ಅರ್ಧ ತೆಗೆದಿತ್ತು. ಕ್ರಿಸ್ಮಸ್ ಹೊತ್ತಿಗೆ ಎರಡನೆಯ ಮಗು ಬರುವುದಿತ್ತು. ಅದು ಬರುವ ಮುಂಚೆ, ಬಂದಮೇಲೂ ಯಾರೂ ಹೊರಗೆ ಹಾಕದ ಒಂದು ಮನೆ ವಿನ್ಕಾಗೆ ಬೇಕಾಗಿತ್ತು. ಇದು ದುರಾಸೆ ಎಂದು ಹಲವರು ಅವಳಿಗೆ ತಿಳಿಹೇಳಿದ್ದರು.

ಅವಳು ಹುಡುಕಿದ್ದಳು. ಒಬ್ಬ ಮಾಲೀಕ ಮಕ್ಕಳಿದ್ದಾರೆಯೇ ಎಂದು ಕೇಳಿ, ಒಂದಿದೆ, ಇನ್ನೊಂದು ಬರುತ್ತಿದೆ ಎಂದಾಗ ಕಾಯಿಲೆಯವರನ್ನು ನೋಡುವಂತೆ ನೋಡಿ, ಬೇಗ ಗುಣವಾಗಲಿ ಎನ್ನುವ ಧಾಟಿಯಲ್ಲಿ ಬೀಳ್ಕೊಟ್ಟ. ಇನ್ನೊಬ್ಬ ಸ್ವಂತ ಮನೆಯಿರುವ ಜಾಮೀನುದಾರ ಬೇಕೆಂದ. ಆದರೆ ಬೊರಾವದಲ್ಲಿ ಸ್ವಂತ ಮನೆಯಿರುವವರೆಲ್ಲ ಅದನ್ನು ಅತಿಥಿಗಳಿಗೆ ಕೊಟ್ಟು ತಾವು ಬಾಡಿಗೆ ಕೋಣೆಯಲ್ಲಿದ್ದರು. ಪುರಸಭೆಯ ವಸತಿ ವಿಭಾಗ ಬಾಡಿಗೆ ಸಹಾಯಧನ ಕೊಡಲು ಸಿದ್ಧವಿತ್ತು, ಬಾಡಿಗೆ ಕರಾರು ಇದ್ದವರಿಗೆ. ಮಾಲೀಕರು ಕರಾರು ಮಾಡಿಕೊಳ್ಳಲು ಸಿದ್ಧರಿದ್ದರು, ಸಹಾಯಧನ ಇದ್ದವರೊಂದಿಗೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಈ ವ್ಯವಸ್ಥೆ ಹಲವು ವರ್ಷಗಳಿಂದ ಯಾವ ದೂರೂ ಇಲ್ಲದೆ ನಡೆದುಕೊಂಡು ಬಂದಿತ್ತು.

ಆಗ ಬೇಕರಿಯ ಬಾಗಿಲಿಗೆ ಪ್ರವಾಸೋದ್ಯಮ ಮಂಡಳಿಯ ಪ್ರಕಟಣೆಯೊಂದು ಅಂಟಿಕೊಂಡಿತು. ಬಂದರಿನಲ್ಲಿ ಹೊಸ ಹೋಟೆಲು ಕಟ್ಟುವ ಕ್ರೇನುಗಳ ಸದ್ದಿಗೆ ಆ ವರ್ಷ ಅತಿಥಿಗಳು ಕಡಿಮೆಯಾಗಿದ್ದರು. ಪ್ರಕಟಣೆ ಹೀಗಿತ್ತು:

"ಖಾಲಿ ಹಾಸಿಗೆಯು ಪಟ್ಟಣದ ಘನತೆಗೆ ಕುಂದು ತರತಕ್ಕದ್ದಾಗಿದೆ. ಆದುದರಿಂದ ಮಕ್ಕಳೊಡನೆ ಬರುವ ಅತಿಥಿ ಕುಟುಂಬಗಳ ವಾಸ್ತವ್ಯದ ವೆಚ್ಚದಲ್ಲಿ ಮುಕ್ಕಾಲು ಪಾಲನ್ನು ಋತು ಮುಗಿಯುವವರೆಗೆ ಮಂಡಳಿಯೇ ಭರಿಸುವುದು. ಅತಿಥಿ ಎಂದರೆ, ಬೊರಾವದಲ್ಲಿ ಸ್ವಂತದ್ದಾಗಲಿ ಬಾಡಿಗೆಯದಾಗಲಿ ಮನೆಯಿಲ್ಲದೆ ಬೊರಾವದಲ್ಲಿ ಮಲಗುವ ವ್ಯಕ್ತಿ."

ವಿನ್ಕಾ ಬ್ರೆಡ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿದಳು. ತನ್ನ ಬಗ್ಗೆ ಸರಕಾರ ಇಷ್ಟು ನಿಖರವಾಗಿ ಬರೆದದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

ಮನೆಯೊಡತಿ ಶೋರ ಪೆರಿನಾ ವಿಧವೆ; ವಯಸ್ಸಾದ ಹೆಂಗಸರನ್ನು ಅಲ್ಲಿ ಶೋರ ಎಂದೇ ಕರೆಯುವುದು. ಮೇಲಿನ ಮನೆಯನ್ನು ಬಾಡಿಗೆಗೆ ಕೊಟ್ಟು ಕೆಳಗಿನ ಅಡುಗೆಕೋಣೆಯಲ್ಲಿ ತಾನಿರುತ್ತಿದ್ದಳು. ಲೋವ್ರೆಯನ್ನು ಅವಳು ನಿಜಕ್ಕೂ ಮುದ್ದಿಸುತ್ತಿದ್ದಳು, ಪ್ರತಿ ಜೂನ್ ಹದಿನೈದಕ್ಕೂ ನಿಜಕ್ಕೂ ಅತ್ತು ಅವನನ್ನು ಹೊರಗೆ ಕಳಿಸುತ್ತಿದ್ದಳು.

"ಶೋರ ಪೆರಿನಾ, ನಾಳೆ ಬೆಳಿಗ್ಗೆ ಖಾಲಿ ಮಾಡಿದ ಮೇಲೆ ನಮಗೆ ಊರಲ್ಲಿ ಮನೆ ಇರುತ್ತಾ?" ಎಂದು ವಿನ್ಕಾ ಕೇಳಿದಳು.

"ಎಲ್ಲಿಂದ ಇರುತ್ತೆ ಮಗಳೇ. ಅದನ್ನೇ ನೆನೆಸ್ಕೊಂಡು ನಂಗೆ ನಿದ್ದೆ ಇಲ್ಲ ನೋಡು."

"ಮೇಲಿನ ಮನೆಗೆ ಯಾರು ಬರ್ತಾರೆ?"

"ಯಾರು ಬರ್ತಾರೆ, ನನ್ನ ಹಣೆಬರಹ. ಆಸ್ಟ್ರಿಯಾದ ಲಿಂಟ್ಸ್‌ನೋರು ಇಪ್ಪತ್ತಾರು ವರ್ಷ ಬಂದೋರು, ಈ ಸಲ ಕ್ರೇನ್ ಸದ್ದಿಗೆ ಕೈ ಎತ್ತಿಬಿಟ್ರು."

"ಹಾಗಾದ್ರೆ ನಾಳೆ ಮಧ್ಯಾಹ್ನ ನಾವೇ ಬರ್ತೀವಿ. ಮನೆ ಇಲ್ದೋರು, ಮಗು ಬೇರೆ ಇದೆ. ಮುಕ್ಕಾಲು ಮಂಡಳಿ ಕೊಡುತ್ತೆ."

ಪೆರಿನಾ ಕಣ್ಣೊರೆಸಿಕೊಳ್ಳುತ್ತಿದ್ದ ಏಪ್ರನ್ನಿನ ತುದಿಯನ್ನು ಕೆಳಗೆ ಬಿಟ್ಟಳು. ಒಲೆಯ ಮೇಲಿನ ಸೊಪ್ಪು ಆಲೂಗಡ್ಡೆ ತಳ ಹಿಡಿಯುವಷ್ಟು ಹೊತ್ತು ಯೋಚಿಸಿದಳು.

"ಎಷ್ಟು ದಿನ ಉಳ್ಕೋತೀರಿ ತಾವು?" ಎಂದಳು.

ಮರುದಿನ ಎಲ್ಲವೂ ಕ್ರಮಪ್ರಕಾರ ನಡೆಯಿತು. ಕುಟುಂಬ ಬೀಗದಕೈ ಒಪ್ಪಿಸಿತು. ಪೆರಿನಾ ಮೆಟ್ಟಿಲ ಮೇಲೆ ನಿಂತು ಅತ್ತಳು, ಲೋವ್ರೆಗೆ ಮುತ್ತಿಟ್ಟಳು, ಗೋಡೆಗೆ ಹೊಡೆದಿದ್ದ ಒಂದು ಮೊಳೆಗಾಗಿ ಮುಂಗಡದಿಂದ ಸ್ವಲ್ಪ ಮುರಿದುಕೊಂಡಳು. ಅವರು ಚಕ್ರದ ಪೆಟ್ಟಿಗೆಗಳನ್ನೆಳೆದುಕೊಂಡು ದಂಡೆಯ ಕಾಫಿ ಅಂಗಡಿಯಲ್ಲಿ ಕೂತರು. ಬೊರಾವದಲ್ಲಿ ಒಂದು ಲೋಟ ಕಾಫಿ ಅರ್ಧ ದಿನ ಬಾಳಿಕೆ ಬರುತ್ತದೆ. ಕಾಫಿ ಮುಗಿದ ಮೇಲೆ ಅದೇ ಕಲ್ಲುಹಾಸಿನ ಮೇಲೆ ಅದೇ ಪೆಟ್ಟಿಗೆಗಳನ್ನೆಳೆದುಕೊಂಡು ಬಂದು ಕರೆಗಂಟೆ ಒತ್ತಿದರು. ಒಣ ಅಂಜೂರದ ತಟ್ಟೆ ಮತ್ತು ದ್ರಾಕ್ಷಿ ಸಾರಾಯಿಯೊಂದಿಗೆ ಪೆರಿನಾ ಬಾಗಿಲು ತೆರೆದಳು.

"ಬನ್ನಿ ಬನ್ನಿ. ಪ್ರಯಾಣ ಹೇಗಿತ್ತು?"

"ದಾರೀಲಿ ಬಿಸಿಲು ಸ್ವಲ್ಪ ಜಾಸ್ತಿ" ಎಂದ ತೋನ್ಚಿ.

ಮನೆ ಬದಲಾಗಿತ್ತು. ಅಕ್ಟೋಬರಿನಿಂದ ಕೆಟ್ಟಿದ್ದ ಬಟ್ಟೆ ಒಗೆಯುವ ಯಂತ್ರ ತಾನಾಗಿಯೇ ಚೇತರಿಸಿಕೊಂಡಿತ್ತು. ಕಳೆದುಹೋಗಿದೆ ಎನ್ನಲಾಗಿದ್ದ ಏಸಿಯ ರಿಮೋಟು ಮೇಜಿನ ಮೇಲೆ ಲ್ಯಾವೆಂಡರ್ ಹೂವಿನ ಪಕ್ಕದಲ್ಲಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಎದುರುಬದುರಿನ ಎರಡು ಕಿಟಕಿಗಳೂ ಏಕಕಾಲಕ್ಕೆ ತೆರೆದಿದ್ದವು. ಚಳಿಗಾಲವಿಡೀ ಪೆರಿನಾ ಇದನ್ನು ಕೊಲೆಯೆಂದೇ ಪರಿಗಣಿಸಿದ್ದಳು. ಹಾಗೆ ಹಾಯುವ ಗಾಳಿಯಿಂದ ಮೂತ್ರಪಿಂಡ, ಕಿವಿ ಮತ್ತು ಅವಳ ಗಂಡ ಹಾಳಾದದ್ದನ್ನು ಊರೇ ಬಲ್ಲದು. ವಿನ್ಕಾ ವಿಚಾರಿಸಿದಾಗ, "ಅತಿಥಿಗಳಿಗೆ ಗಾಳಿ ಏನೂ ಮಾಡಲ್ಲ" ಎಂದು ಪೆರಿನಾ ಗಂಭೀರವಾಗಿ ಹೇಳಿದಳು.

ಜುಲೈ ತಿಂಗಳಲ್ಲಿ ಮಂಡಳಿಯ ನಿರ್ದೇಶಕ ಸ್ರೆಚ್ಕೊ ಖುದ್ದಾಗಿ ತಪಾಸಣೆಗೆ ಬಂದ. ಪೆರಿನಾಳ ಅತಿಥಿಗಳು ಅತಿಥಿಗಳಂತೆ ನಡೆದುಕೊಳ್ಳುತ್ತಿಲ್ಲವೆಂದು ದೂರುಗಳಿದ್ದವು. ಅತಿಥಿ ಮಹಿಳೆ ಮೀನು ಸಂತೆಯಲ್ಲಿ ಬೂತಾಯಿಗೆ ಚೌಕಾಸಿ ಮಾಡಿದ್ದಳು. ಅತಿಥಿ ಮಹಾಶಯ ಬೆಳಕು ಹರಿಯುವ ಮೊದಲೇ ಸಲಕರಣೆ ಪೆಟ್ಟಿಗೆ ಹಿಡಿದು ಎಲ್ಲಿಗೋ ಹೋಗುತ್ತಿದ್ದ. ಸ್ರೆಚ್ಕೊ ಶಾಲೆಯಲ್ಲಿ ತೋನ್ಚಿಯೊಂದಿಗೆ ಎಂಟು ವರ್ಷ ಒಂದೇ ಬೆಂಚಿನಲ್ಲಿ ಕೂತವನು, ಆದರೆ ಕರ್ತವ್ಯದ ವೇಳೆಯಲ್ಲಿ ಅದನ್ನು ನೆನಪಿಟ್ಟುಕೊಳ್ಳಲು ಅವಕಾಶವಿರಲಿಲ್ಲ.

"ತಾವು ಎಲ್ಲಿಂದ ಬಂದಿದೀರಿ?"

"ಇದೇ ಮೀನು ಸಂತೆ ಹಿಂದಿನ ಓಣಿಯಿಂದ" ಎಂದ ತೋನ್ಚಿ.

"ನಮ್ಮ ಊರಲ್ಲಿ ತಮಗೆ ಏನು ಇಷ್ಟ ಆಯ್ತು?"

"ಹೊರಗೆ ಹಾಕ್ದೇ ಇರೋದು."

"ಮತ್ತೆ ಬರ್ತೀರಾ?"

"ಹೋಗೋಕೆ ಜಾಗ ಇದ್ರೆ ತಾನೇ ಕಣೋ ಮತ್ತೆ ಬರೋದು."

ಅತ್ಯಂತ ತೃಪ್ತ ಅತಿಥಿಗಳು, ಹಿಂದಿರುಗುವ ಮನಸ್ಸೇ ಇಲ್ಲ ಎಂದು ಸ್ರೆಚ್ಕೊ ತೀರ್ಪಿತ್ತ. ಆದರೂ ಮೂರು ಸೂಚನೆ ಕೊಟ್ಟ: ಹುಲ್ಲಿನ ಟೋಪಿ ಹಾಕಿಕೊಳ್ಳಬೇಕು, ಮೀನನ್ನು ತಿನ್ನುವ ಮೊದಲು ಫೋಟೋ ತೆಗೆಯಬೇಕು, ದಿನಕ್ಕೊಮ್ಮೆ ಯಾರನ್ನಾದರೂ ಚರ್ಚಿಗೆ ದಾರಿ ಕೇಳಬೇಕು. ಮರುದಿನ ವಿನ್ಕಾ ಟೋಪಿ ಹಾಕಿಕೊಂಡು, ತನಗೆ ದೀಕ್ಷಾಸ್ನಾನವಾದ ಚರ್ಚಿಗೆ ದಾರಿ ಯಾವುದೆಂದು, ಆ ದಿನ ತನ್ನನ್ನು ಎತ್ತಿಕೊಂಡಿದ್ದ ಮುದುಕಿಯನ್ನೇ ಕೇಳಿದಳು. ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅತಿಥಿಗಳಿಗೆ ಕೊಡುವ ವಾಡಿಕೆಯಂತೆ ತಪ್ಪು ದಾರಿ ತೋರಿಸಿದಳು. ಆ ದಾರಿ ಮುದುಕಿಯ ಅಳಿಯನ ಐಸ್‌ಕ್ರೀಮ್ ಅಂಗಡಿಗೆ ಹೋಗುತ್ತಿತ್ತು.

ಸೆಪ್ಟೆಂಬರ್ ಬಂತು. ವಿನ್ಕಾಳ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಋತು ಮುಗಿದೊಡನೆ ಮಂಡಳಿಯ ಮುಕ್ಕಾಲು ಪಾಲೂ ಮುಗಿಯುವುದಿತ್ತು. ಚಳಿಗಾಲಕ್ಕೆ ಮತ್ತೆ ಬಾಡಿಗೆದಾರರಾಗಿ ಬರುತ್ತೇವೆ ಎಂದಾಗ ಪೆರಿನಾ ಮುಖ ತಿರುಗಿಸಿದಳು.

"ಅದೆಂಗಾಗುತ್ತೆ. ಇಷ್ಟು ದಿನ ತಾವು ಅಂದವಳು ಮತ್ತೆ ನೀನು ಅಂತ ಹೆಂಗನ್ನಲಿ ನಿಮಗೆ? ಆ ಯಂತ್ರನೂ ಈಗ ರಿಪೇರಿ ಆಗ್ಬಿಟ್ಟಿದೆ." ಸುಣ್ಣ ಬಳಿಸುವುದಿದೆ, ತಿಂಗಳ ಕೊನೆಗೆ ಹೊರಡಿ ಎಂದಳು. ಈ ಬಾರಿ ಅಳಲಿಲ್ಲ. ಅತಿಥಿಗಳು ಹೊರಟಾಗ ಅಳುವ ಪದ್ಧತಿಯಿಲ್ಲ, ಕೈ ಬೀಸಿದರೆ ಸಾಕು.

ವಿನ್ಕಾ ನೇರ ಸ್ರೆಚ್ಕೊ ಬಳಿ ಹೋದಳು. ಅವನು ತಲೆಯ ಮೇಲೆ ಕೈಹೊತ್ತು ಕೂತಿದ್ದ. ಪ್ರತಿ ವರ್ಷ ಋತುವಿನ ಕೊನೆಗೆ ಬಹಳ ವರ್ಷಗಳಿಂದ ಬರುತ್ತಿರುವ ಅತಿಥಿಗೆ ವಾದ್ಯಮೇಳದೊಂದಿಗೆ ಫಲಕ ಮತ್ತು ಉಪ್ಪು ಹಚ್ಚಿ ಒಣಗಿಸಿದ ಒಂದಿಡೀ ಹಂದಿತೊಡೆ ಕೊಟ್ಟು ಗೌರವಿಸುವುದು ಕರಾವಳಿಯ ಸಂಪ್ರದಾಯ. ಮಂತ್ರಿಗಳು ಬರುವುದೆಂದು ನಿಶ್ಚಯವಾಗಿತ್ತು, ಹಂದಿತೊಡೆ ಬಂದು ಬಾಗಿಲ ಹಿಂದೆ ತೂಗುತ್ತಿತ್ತು. ಲಿಂಟ್ಸ್‌ನವರು ಇರಲಿಲ್ಲ.

"ನಾನು ಹುಟ್ಟಿದಾಗಿಂದ ಎರಡೇ ಎರಡು ಬೇಸಿಗೆ ತಪ್ಪಿಸಿರೋದು ಸ್ರೆಚ್ಕೊ" ಎಂದಳು ವಿನ್ಕಾ.

ಅವನು ಬೆರಳು ಮಡಿಸಿ ಲೆಕ್ಕ ಹಾಕಿದ. "ಲಿಂಟ್ಸ್‌ನೋರಿಗಿಂತ ಜಾಸ್ತಿ" ಎಂದ ಮೆಲ್ಲಗೆ.

"ಚಳಿಗಾಲದಲ್ಲೂ ಬಂದಿದೀನಿ."

"ಚಳಿಗಾಲದಲ್ಲೂ?" ಸ್ರೆಚ್ಕೊನ ಕಣ್ಣು ತೇವವಾಯಿತು. ಅಂಥ ಅತಿಥಿಯನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ.

"ಆದ್ರೆ ತಿಂಗಳ ಕೊನೇಲಿ ಋತು ಮುಗಿಯುತ್ತೆ, ನಾನು ಬೀದೀಲಿರ್ತೀನಿ. ಊರಿನ ಅತಿ ನಿಷ್ಠಾವಂತ ಅತಿಥಿ ತುಂಬು ಹೊಟ್ಟೆ ಹೊತ್ಕೊಂಡು ಫಲಕದ ಸಮೇತ ಬೆಂಚಿನ ಮೇಲೆ ಮಲಗಿದ್ರೆ, ಮಂತ್ರಿಗಳಿಗೆ ಏನಂತ ಹೇಳ್ತೀಯ?"

ಸ್ರೆಚ್ಕೊ ಹಂದಿತೊಡೆಯನ್ನು ನೋಡಿದ, ಅವಳ ಹೊಟ್ಟೆಯನ್ನು ನೋಡಿದ. ಮರುದಿನ ಬೇಕರಿಯ ಬಾಗಿಲಲ್ಲಿ ಹೊಸ ಪ್ರಕಟಣೆಯಿತ್ತು: "ಋತುವಿನ ಮುಕ್ತಾಯವನ್ನು ಅನಿವಾರ್ಯ ಕಾರಣಗಳಿಂದ ಅನಿರ್ದಿಷ್ಟ ಕಾಲ ಮುಂದೂಡಲಾಗಿದೆ. ಸಾರ್ವಜನಿಕರು ಶರತ್ಕಾಲದೊಂದಿಗೆ ಸಹಕರಿಸಬಾರದಾಗಿ ಕೋರಲಾಗಿದೆ."

ಸಮಾರಂಭ ಚೆನ್ನಾಗಿ ನಡೆಯಿತು. ಪುರಸಭಾಧ್ಯಕ್ಷ ಎಂದಿನಂತೆ ಜರ್ಮನ್ ಭಾಷೆಯಲ್ಲಿ ಸ್ವಾಗತ ಭಾಷಣ ಓದಿದ. ದುಭಾಷಿ ಅದನ್ನು ವಿನ್ಕಾಗೆ ಅರ್ಥವಾಗುವಂತೆ ಊರಿನ ಭಾಷೆಗೆ ಅನುವಾದಿಸಿದಳು. ಇಲ್ಲಿನ ಜನ ಹೇಗಿದ್ದಾರೆಂದು ಮಂತ್ರಿಗಳು ಆತ್ಮೀಯವಾಗಿ ವಿಚಾರಿಸಿದರು.

"ಒಳ್ಳೆಯವರು" ಎಂದಳು ವಿನ್ಕಾ. "ಬೇಸಿಗೇಲಿ ಕಣ್ಣಿಗೆ ಬೀಳೋದು ಕಡಿಮೆ."

ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ ಊರವರು ಮನೆಗೆ ಹೋಗಿ ಯೋಚಿಸಿದರು. ಮೊದಲು ಬೇಕರಿಯವನು ತನ್ನ ಮನೆ ಮಾರಿದ್ದೇನೆಂದು ತಮ್ಮನ ಹೆಸರಿಗೆ ಬರೆದು, ಪೆಟ್ಟಿಗೆ ಎಳೆದುಕೊಂಡು ಒಂದು ಸುತ್ತು ಹೋಗಿ, ಅತಿಥಿಯಾಗಿ ಮರಳಿದ. ತಮ್ಮ ತನ್ನದನ್ನು ಅಣ್ಣನ ಹೆಂಡತಿಗೆ ಬರೆದ. ಔಷಧಿ ಅಂಗಡಿಯವಳು, ಪಾದ್ರಿ, ಪೊಲೀಸರೂ ಅದೇ ದಾರಿ ಹಿಡಿದರು; ಮಕ್ಕಳಿಲ್ಲದವರು ನೆರೆಮನೆಯ ಮಗುವನ್ನು ಎರವಲು ತಂದರು. ಬೆಳಗಿನ ಹೊತ್ತು ಕಲ್ಲುಹಾಸಿನ ಮೇಲೆ ಪೆಟ್ಟಿಗೆಗಳ ಚಕ್ರದ ಸದ್ದಿಗೆ ಕ್ರೇನಿನ ಸದ್ದು ಕೇಳಿಸದಂತಾಯಿತು. ಪುರಸಭಾಧ್ಯಕ್ಷ ತನ್ನ ತಾಯಿಯ ಮನೆಯಲ್ಲಿ ಅತಿಥಿಯಾದ. ತಾಯಿ ಅಂಜೂರ ಕೊಟ್ಟು, ಎಷ್ಟು ದಿನ ಎಂದು ಕೇಳಿ, ಮುಂಗಡ ಪಡೆದಳು. ಇಷ್ಟೊಂದು ಅತಿಥಿಗಳ ಖರ್ಚನ್ನು ಮಂಡಳಿ ಪ್ರವಾಸಿ ತೆರಿಗೆಯಿಂದ ತುಂಬಿಸಿತು. ತೆರಿಗೆಯನ್ನು ಅತಿಥಿಗಳು ಸಂತೋಷದಿಂದ ಕಟ್ಟಿದರು, ಮುಕ್ಕಾಲು ಪಾಲು ಮಂಡಳಿಯೇ ಭರಿಸುತ್ತಿತ್ತಲ್ಲ.

ನವೆಂಬರ್ ಹೊತ್ತಿಗೆ ಬೊರಾವದಲ್ಲಿ ನಿವಾಸಿಗಳು ಯಾರೂ ಉಳಿದಿರಲಿಲ್ಲ. ವಸತಿ ವಿಭಾಗವನ್ನು ಕೆಲಸವಿಲ್ಲವೆಂದು ಮುಚ್ಚಿ, ಅಲ್ಲಿನ ಗುಮಾಸ್ತರನ್ನು ಅಂಜೂರ ಹಂಚಲು ನೇಮಿಸಲಾಯಿತು. ನಲ್ಲಿ ಬಂದಿಲ್ಲ, ದೀಪ ಉರಿಯುತ್ತಿಲ್ಲ ಎಂಬ ದೂರುಗಳು ನಿಂತವು. ಅತಿಥಿಗಳು ದೂರು ಕೊಡುವುದಿಲ್ಲ, ನಕ್ಷತ್ರ ಕೊಡುತ್ತಾರೆ. ವಸತಿ ಸಮಸ್ಯೆಯನ್ನು ಸಂಪೂರ್ಣ ಬಗೆಹರಿಸಿದ ಮೊದಲ ಪಟ್ಟಣವೆಂದು ರಾಜಧಾನಿಯಿಂದ ಅಭಿನಂದನೆ ಬಂತು. ಅದನ್ನು ಸ್ವೀಕರಿಸಲು ಊರಿನವರು ಯಾರೂ ಇಲ್ಲದ್ದರಿಂದ ವಿನ್ಕಾ ಸ್ವೀಕರಿಸಿದಳು, ಹುಲ್ಲಿನ ಟೋಪಿಯಲ್ಲಿ.

ಕ್ರಿಸ್ಮಸ್‌ಗೆ ಮುಂಚೆ, ಉತ್ತರದ ಗಾಳಿ ದೋಣಿಗಳನ್ನು ದಂಡೆಗೆ ಬಡಿಯುತ್ತಿದ್ದ ಒಂದು ಮಧ್ಯಾಹ್ನ ಪೆರಿನಾಳ ಮೇಲಿನ ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ಮಂಡಳಿಯ ವತಿಯಿಂದ ಸ್ರೆಚ್ಕೊ ಒಂದು ಸಣ್ಣ ಹಂದಿತೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಪೆರಿನಾ ಕಿಟಕಿಗಳೆರಡೂ ತೆರೆದಿವೆಯೇ ಎಂದು ನೋಡಿಕೊಂಡು, ಮಗುವಿನ ಮುಂದೆ ಬಾಗಿ, "ಬನ್ನಿ, ಪ್ರಯಾಣ ಹೇಗಿತ್ತು ತಮ್ಮದು?" ಎಂದು ಕೇಳಿದಳು. ಮಗು ಕಿರುಚಿತು.

ಸೂಲಗಿತ್ತಿ ಮಗುವನ್ನು ತೂಗಿ, ಸುತ್ತಿ, ತೋನ್ಚಿಯ ಕಡೆ ತಿರುಗಿದಳು. ಅವಳೂ ಆಸ್ಪತ್ರೆಯ ಮೇಲ್ಮಹಡಿಯಲ್ಲಿ ಅತಿಥಿಯಾಗಿದ್ದವಳೇ.

"ಎಷ್ಟು ದಿನ ಉಳ್ಕೋತಾರೆ ಇವರು?"

ತೋನ್ಚಿ ವಿನ್ಕಾಳನ್ನು ನೋಡಿದ. ವಿನ್ಕಾ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಎಪ್ಪತ್ತು ಎಂಬತ್ತು ವರ್ಷ ಅಂತ ಹಾಕೊಳ್ಳಿ. ಊಟ ಹಿಡಿಸಿದ್ರೆ ಇನ್ನೂ ಸ್ವಲ್ಪ ದಿನ."